ಕಾಣದ ಕಪ್ಪುಕುಳಿಗೆ ಪುರಾವೆ ಏನು?

ಮಾನ್ಯ ಸಂಪಾದಕರೇ,

ಕಪ್ಪುಕುಳಿಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನೂ ಅದಕ್ಕೆ ಪ್ರತಿಕ್ರಿಯೆಯಾಗಿ ಓದುಗರೊಬ್ಬರು ಬರೆದ ಪತ್ರವನ್ನೂ ಓದಿದೆ. ಬೆಳಕನ್ನೇ ಹೊರಗೆ ಬಿಡದ ವಸ್ತುವನ್ನು ಯಾರೂ ಕಂಡಿಲ್ಲವೆಂದ ಮೇಲೆ ಅದು ಇದೆ ಎಂದು ಹೇಳುವುದು ವಿಜ್ಞಾನವೋ, ವಿಜ್ಞಾನದ ವೇಷ ತೊಟ್ಟ ನಂಬಿಕೆಯೋ ಎಂಬುದು ಆ ಮಹನೀಯರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಲೇಖನದಲ್ಲಿ ಕಪ್ಪುಕುಳಿಯು ನಕ್ಷತ್ರಗಳನ್ನು ನುಂಗುವ ಬಗೆ, ಅದರೊಳಗೆ ಬಿದ್ದ ಮನುಷ್ಯನ ಗತಿ, ಕಾಲ ನಿಧಾನವಾಗುವ ವಿಸ್ಮಯ ಇವೆಲ್ಲಕ್ಕೂ ಜಾಗ ಸಿಕ್ಕಿತ್ತೇ ಹೊರತು, ಅದು ಅಲ್ಲಿದೆ ಎಂಬುದನ್ನು ಖಗೋಳವಿಜ್ಞಾನಿಗಳು ಹೇಗೆ ಕಂಡುಕೊಂಡರು ಎಂಬುದಕ್ಕೆ ಒಂದು ಸಾಲೂ ಸಿಕ್ಕಿರಲಿಲ್ಲ. ಮಂಡ್ಯದ ಪದವಿಪೂರ್ವ ತರಗತಿಗಳಲ್ಲಿ ಬಹುಕಾಲ ಭೌತವಿಜ್ಞಾನ ಬೋಧಿಸಿದ ನನಗೆ, ಹೀಗೆ ಬಿಟ್ಟುಹೋದ ಭಾಗವೇ ವಿಷಯದ ತಿರುಳು ಎಂದು ತೋರುತ್ತದೆ. ಪತ್ರ ತುಸು ದೀರ್ಘವಾಗುವುದನ್ನು ತಾವು ಮನ್ನಿಸಬೇಕು.

ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕಿಂತ ನೂರಮೂವತ್ತು ವರ್ಷಗಳಷ್ಟು ಹಿಂದೆ, 1783ರಲ್ಲಿ, ಜಾನ್ ಮಿಚೆಲ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರು ವಿಜ್ಞಾನಿ ಹೆನ್ರಿ ಕ್ಯಾವೆಂಡಿಷರಿಗೆ ಬರೆದ ಪತ್ರದಲ್ಲಿ, ನಕ್ಷತ್ರವೊಂದು ಸಾಕಷ್ಟು ಭಾರವಾಗಿದ್ದರೆ ಅದರಿಂದ ಹೊರಟ ಬೆಳಕೂ ಅದರ ಸೆಳೆತಕ್ಕೆ ಸಿಕ್ಕಿ ಹಿಂದಕ್ಕೆ ಬೀಳಬೇಕಾಗುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಅಂಥ ನಕ್ಷತ್ರ ಕಣ್ಣಿಗೆ ಕಾಣಿಸದಿದ್ದರೂ, ಬೆಳಗುವ ಮತ್ತೊಂದು ನಕ್ಷತ್ರ ಅದನ್ನು ಸುತ್ತುತ್ತಿದ್ದರೆ ಆ ಸುತ್ತಾಟದಿಂದಲೇ ಅದರ ಇರವನ್ನು ಅರಿಯಬಹುದೆಂದೂ ಅವರು ಅಂದೇ ಸೂಚಿಸಿದ್ದರು. ನಮ್ಮ ಕಡೆಯ ಆಲೆಮನೆಗಳಲ್ಲಿ ಎತ್ತುಗಳು ಗಾಣ ತಿರುಗಿಸುತ್ತಿದ್ದ ಕಾಲವನ್ನು ಬಲ್ಲವರಿಗೆ ಇದು ಸುಲಭವಾಗಿ ಮನದಟ್ಟಾದೀತು: ಅಮಾವಾಸ್ಯೆಯ ಕತ್ತಲಲ್ಲಿ ನೊಗಕ್ಕೆ ಕಟ್ಟಿದ ಲಾಟೀನು ಒಂದೇ ವೃತ್ತದಲ್ಲಿ ಸುತ್ತುತ್ತಿರುವುದು ದೂರದಿಂದ ಕಂಡರೆ ಸಾಕು, ನಡುವೆ ಗಾಣವಿದೆ ಎಂದು ತಿಳಿಯಲು ಗಾಣವೇ ಕಣ್ಣಿಗೆ ಬೀಳಬೇಕಾಗಿಲ್ಲ. ಆಕಾಶದಲ್ಲಿ ಇನ್ನೊಂದು ಅನುಕೂಲವೂ ಉಂಟು. ಸುತ್ತುವ ವಸ್ತುವಿನ ದೂರ ಮತ್ತು ಅವಧಿ ತಿಳಿದರೆ, ನಡುವಿನ ವಸ್ತುವಿನ ದ್ರವ್ಯರಾಶಿ, ಅಂದರೆ ಬಳಕೆಯ ಮಾತಿನ ತೂಕ, ಎಷ್ಟೆಂದು ಲೆಕ್ಕ ಹಾಕಬಹುದು.

ಈ ಲೆಕ್ಕ ಪಿಯುಸಿ ವಿದ್ಯಾರ್ಥಿಯ ಅಳವಿಗೆ ಮೀರಿದ್ದಲ್ಲ ಎಂಬುದನ್ನು ಒಂದು ನಿಜವಾದ ಉದಾಹರಣೆಯಿಂದ ತೋರಿಸಬಯಸುತ್ತೇನೆ. ನಮ್ಮ ಆಕಾಶಗಂಗೆಯ ನಡುಭಾಗ ಧನು ರಾಶಿಯ ದಿಕ್ಕಿನಲ್ಲಿ ಸುಮಾರು 26,000 ರಿಂದ 27,000 ಜ್ಯೋತಿರ್ವರ್ಷ ದೂರದಲ್ಲಿದೆ. ನಡುವೆ ದಟ್ಟವಾದ ದೂಳು ಕವಿದಿರುವುದರಿಂದ ಸಾಮಾನ್ಯ ಬೆಳಕು ಅಲ್ಲಿಂದ ನಮ್ಮನ್ನು ತಲುಪುವುದಿಲ್ಲ. ಆದರೆ ಅವಕೆಂಪು ಕಿರಣಗಳು ತೂರಿಬರುತ್ತವೆ. ಜರ್ಮನಿಯ ರೈನ್‌ಹಾರ್ಡ್ ಗೆಂಜೆಲ್ ಅವರ ತಂಡ ಚಿಲಿ ದೇಶದ ದೂರದರ್ಶಕಗಳಿಂದಲೂ ಅಮೆರಿಕದ ಆಂಡ್ರಿಯಾ ಗೆಜ್ ಅವರ ತಂಡ ಹವಾಯಿಯ ಕೆಕ್ ದೂರದರ್ಶಕದಿಂದಲೂ 1990ರ ದಶಕದಿಂದ ಆ ಜಾಗದ ನಕ್ಷತ್ರಗಳನ್ನು ವರ್ಷ ವರ್ಷವೂ ಬಿಡದೆ ಗಮನಿಸುತ್ತ ಬಂದವು. ಎಸ್2 ಎಂಬ ನಕ್ಷತ್ರ ಏನೂ ಕಾಣದ ಒಂದು ಬಿಂದುವನ್ನು ಸುಮಾರು 16 ವರ್ಷಗಳಿಗೊಮ್ಮೆ ದೀರ್ಘವೃತ್ತದಲ್ಲಿ ಸುತ್ತಿಬರುತ್ತದೆ. ಆ ದೀರ್ಘವೃತ್ತದ ಅರ್ಧ ಉದ್ದ ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು 1,030 ಪಟ್ಟು. ಕೆಪ್ಲರನ ಮೂರನೆಯ ನಿಯಮದಂತೆ, ನಡುವಿನ ತೂಕ ಎಷ್ಟು ಸೂರ್ಯರಷ್ಟೆಂದು ತಿಳಿಯಲು 1,030ರ ಘನವನ್ನು 16ರ ವರ್ಗದಿಂದ ಭಾಗಿಸಬೇಕು. ಘನ ಸುಮಾರು 109 ಕೋಟಿ, ವರ್ಗ 256, ಭಾಗಲಬ್ಧ ಸುಮಾರು 43 ಲಕ್ಷ. ನಡುವಿನ ಆ ಬಿಂದುವಿನಲ್ಲಿ 43 ಲಕ್ಷ ಸೂರ್ಯರ ತೂಕವಿದೆ ಎಂದು ಇದರ ಅರ್ಥ. ಎರಡು ತಂಡಗಳೂ ಬೇರೆ ಬೇರೆ ಖಂಡಗಳಿಂದ, ಬೇರೆ ಬೇರೆ ಉಪಕರಣಗಳಿಂದ, ಸ್ಪರ್ಧಿಗಳಾಗಿಯೇ ಕೆಲಸ ಮಾಡಿ ಒಂದೇ ಉತ್ತರಕ್ಕೆ ಬಂದು ಸೇರಿದವು. ಸ್ಪರ್ಧಿಗಳ ಲೆಕ್ಕ ತಾಳೆಯಾದಾಗ ಅದಕ್ಕೆ ಬರುವ ಬೆಲೆ ಒಬ್ಬರೇ ಎರಡು ಬಾರಿ ಅಳೆದಾಗ ಬರುವುದಿಲ್ಲ ಎಂಬುದನ್ನು ಸಂದೇಹಪಟ್ಟ ಓದುಗರು ದಯವಿಟ್ಟು ಗಮನಿಸಬೇಕು.

ಆದರೆ ತೂಕ ತಿಳಿದ ಮಾತ್ರಕ್ಕೆ ಅದು ಕಪ್ಪುಕುಳಿ ಎಂದು ಸಾಬೀತಾಗುವುದಿಲ್ಲ. ಮಂಕಾದ ಲಕ್ಷಾಂತರ ನಕ್ಷತ್ರಗಳ ಗುಂಪೊಂದು ಅಲ್ಲಿ ಇರಬಾರದೇಕೆ ಎಂದು ಕೇಳಬಹುದು, ವಿಜ್ಞಾನಿಗಳೇ ಹಾಗೆ ಕೇಳಿಯೂ ಇದ್ದಾರೆ. ಆದ್ದರಿಂದ ಅಷ್ಟು ತೂಕ ಎಷ್ಟು ಸಣ್ಣ ಜಾಗದಲ್ಲಿ ಅಡಗಿದೆ ಎಂಬುದನ್ನೂ ಅಳೆಯಬೇಕಾಯಿತು. 2018ರ ಮೇ ತಿಂಗಳಲ್ಲಿ ಎಸ್2 ನಕ್ಷತ್ರ ಆ ಬಿಂದುವಿಗೆ ಅತಿ ಸಮೀಪ ಬಂದಾಗ ಅವೆರಡರ ನಡುವಿನ ಅಂತರ ಭೂಮಿ ಮತ್ತು ಸೂರ್ಯರ ಅಂತರದ ಸುಮಾರು 120 ಪಟ್ಟು ಇತ್ತು, ಅದರ ವೇಗ ಸೆಕೆಂಡಿಗೆ 7,600 ಕಿಲೋಮೀಟರಿಗೂ ಮಿಗಿಲಾಗಿತ್ತು. ಅಷ್ಟು ಹತ್ತಿರ ಸುಳಿದರೂ ಅದು ಯಾವುದಕ್ಕೂ ಡಿಕ್ಕಿ ಹೊಡೆಯಲಿಲ್ಲ, ಹಾದಿಯನ್ನೂ ಬಿಡಲಿಲ್ಲ. ಅಂದಮೇಲೆ 43 ಲಕ್ಷ ಸೂರ್ಯರ ತೂಕವೆಲ್ಲ ಆ ಅಂತರದ ಒಳಗೇ ಇರಬೇಕು. ನಕ್ಷತ್ರಗಳ ಗುಂಪಾಗಲಿ ಬೇರೆ ಯಾವ ಪರಿಚಿತ ವಸ್ತುವಾಗಲಿ ಅಷ್ಟು ಇಕ್ಕಟ್ಟಿನಲ್ಲಿ ಬಹುಕಾಲ ಉಳಿಯಲಾರದು. ಗೆಂಜೆಲ್ ಮತ್ತು ಗೆಜ್ ಅವರಿಗೆ 2020ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಪ್ರಶಸ್ತಿ ಸಮಿತಿಯು ಅವರು ಕಂಡುಹಿಡಿದದ್ದನ್ನು ಕಪ್ಪುಕುಳಿ ಎನ್ನದೆ ‘ಅತಿಭಾರದ ಸಾಂದ್ರ ವಸ್ತು’ ಎಂದೇ ಕರೆಯಿತು. ಅಳತೆ ಎಲ್ಲಿಗೆ ಮುಟ್ಟಿದೆಯೋ ಅಲ್ಲಿಗೇ ಮಾತನ್ನೂ ನಿಲ್ಲಿಸುವ ಈ ಎಚ್ಚರ ನಮ್ಮ ಟಿ.ವಿ. ವಾಹಿನಿಗಳ ವಿಜ್ಞಾನ ಸುದ್ದಿಗಳಲ್ಲಿಯೂ ಇದ್ದಿದ್ದರೆ ಎಂದು ಅನೇಕ ಸಲ ಅನಿಸಿದೆ.

ಇದು ದೈತ್ಯ ಕಪ್ಪುಕುಳಿಯ ಕಥೆಯಾಯಿತು. ಒಂಟಿ ನಕ್ಷತ್ರದ ಕುಸಿತದಿಂದ ಹುಟ್ಟುವ ಸಣ್ಣ ಕಪ್ಪುಕುಳಿಗಳು ಮೊದಲು ಸಿಕ್ಕಿದ್ದು ಬೇರೊಂದು ದಾರಿಯಲ್ಲಿ. ಅಂಥದೊಂದು ವಸ್ತು ಸಂಗಾತಿ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಳ್ಳುತ್ತಿದ್ದರೆ ಆ ಅನಿಲ ನೇರವಾಗಿ ಒಳಗೆ ಬೀಳುವುದಿಲ್ಲ. ಸುತ್ತ ತಟ್ಟೆಯಂತೆ ಹರಡಿ, ಉಜ್ಜಾಟದಿಂದ ಲಕ್ಷಾಂತರ ಡಿಗ್ರಿಗಳಿಗೆ ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. ಕಪ್ಪುಕುಳಿಯಿಂದ ಬೆಳಕು ಬಾರದಿದ್ದರೂ ಅದರ ಹೊಸ್ತಿಲ ಹೊರಗೆ ಇಷ್ಟು ಪ್ರಖರವಾದ ಬೆಳಕು ಇರುವುದು ಸೋಜಿಗವೆನಿಸಬಹುದು, ಆದರೆ ಸ್ಥಿತಿ ಹಾಗೆಯೇ ಇದೆ. ಕ್ಷ-ಕಿರಣಗಳು ನಮ್ಮ ವಾಯುಮಂಡಲವನ್ನು ದಾಟಿ ಬರಲಾರವಾದ್ದರಿಂದ ಅವನ್ನು ಹುಡುಕಲು ರಾಕೆಟ್ಟುಗಳೂ ಉಪಗ್ರಹಗಳೂ ಬೇಕಾದವು. 1964ರಲ್ಲಿ ರಾಕೆಟ್ ಪ್ರಯೋಗವೊಂದರಲ್ಲಿ ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ ಸಿಗ್ನಸ್ ಎಕ್ಸ್-1 ಎಂಬ ಕ್ಷ-ಕಿರಣ ಮೂಲ ಪತ್ತೆಯಾಯಿತು. 1970ರ ಡಿಸೆಂಬರಿನಲ್ಲಿ ಕೀನ್ಯಾ ಕರಾವಳಿಯಿಂದ ಹಾರಿಸಿದ ಉಹುರು ಉಪಗ್ರಹವು ಅದರ ಕಿರಣಗಳ ತೀವ್ರತೆ ಸೆಕೆಂಡಿನ ಸಣ್ಣ ಸಣ್ಣ ಅಂಶಗಳಲ್ಲಿ ಏರಿಳಿಯುವುದನ್ನು ತೋರಿಸಿತು. ಈ ಮಿನುಗು ಬಹಳ ಮುಖ್ಯವಾದ ಸುಳಿವು. ವಸ್ತುವೊಂದು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಒಟ್ಟಾಗಿ ಬೆಳಗಿ ಮಂಕಾಗಬೇಕಾದರೆ ಅದರ ಗಾತ್ರ ಅಷ್ಟು ಸಮಯದಲ್ಲಿ ಬೆಳಕು ಸಾಗುವ ದೂರವನ್ನು, ಎಂದರೆ ಸುಮಾರು 3,000 ಕಿಲೋಮೀಟರನ್ನು, ಮೀರಲಾಗದು. ಸೂರ್ಯನ ವ್ಯಾಸ 14 ಲಕ್ಷ ಕಿಲೋಮೀಟರ್ ಎಂಬುದನ್ನು ನೆನೆದರೆ ಇದು ನಕ್ಷತ್ರದ ಅಳತೆಯೇ ಅಲ್ಲ.

ತೂಕದ ಲೆಕ್ಕ ಇಲ್ಲಿಯೂ ಸುತ್ತಾಟದಿಂದಲೇ ಬಂತು. ಸಿಗ್ನಸ್ ಎಕ್ಸ್-1ರ ಸಂಗಾತಿ ಒಂದು ಭಾರಿ ನೀಲಿ ನಕ್ಷತ್ರ. ಅದರ ರೋಹಿತದ, ಎಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನ, ಗೆರೆಗಳು 5.6 ದಿನಗಳಿಗೊಮ್ಮೆ ಕೆಂಪಿನ ಕಡೆಗೂ ನೀಲಿಯ ಕಡೆಗೂ ಸರಿದಾಡುವುದನ್ನು, ಅಂದರೆ ಆ ನಕ್ಷತ್ರ ನಮ್ಮಿಂದ ದೂರ ಸರಿದು ಮತ್ತೆ ನಮ್ಮತ್ತ ಬರುವುದನ್ನು, ಇಂಗ್ಲೆಂಡಿನ ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್ ಒಂದು ಕಡೆ, ಕೆನಡಾದ ಟಾಮ್ ಬೋಲ್ಟನ್ ಇನ್ನೊಂದು ಕಡೆ, 1971ರ ಸುಮಾರಿಗೆ ಕಂಡುಕೊಂಡರು. ಈಚಿನ ಅಳತೆಯಂತೆ ಆ ಕಾಣದ ವಸ್ತುವಿನ ತೂಕ ಸೂರ್ಯನ ಸುಮಾರು 21 ಪಟ್ಟು. ಉರಿದು ಮುಗಿದ ನಕ್ಷತ್ರದ ಅವಶೇಷ ಶ್ವೇತಕುಬ್ಜವಾಗಿ ಉಳಿಯಬೇಕಾದರೆ ಅದರ ತೂಕ ಸೂರ್ಯನ 1.4 ಪಟ್ಟನ್ನು ಮೀರಬಾರದೆಂದು ನಮ್ಮ ದೇಶದವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇನ್ನೂ ತರುಣರಾಗಿದ್ದಾಗ, 1930ರ ದಶಕದಲ್ಲಿ, ಲೆಕ್ಕ ಹಾಕಿ ತೋರಿಸಿದ್ದರು. ಅದಕ್ಕಿಂತಲೂ ಅಡಕವಾದ ಅವಶೇಷವಾದ ನ್ಯೂಟ್ರಾನ್ ತಾರೆಗೆ ಈ ಮಿತಿ ಎರಡು ಮೂರು ಸೂರ್ಯರಷ್ಟು. 21 ಸೂರ್ಯರ ತೂಕದ, ನಕ್ಷತ್ರದಂತೆ ಬೆಳಗದ, ಇಷ್ಟು ಕಿರಿದಾದ ವಸ್ತು ಈ ಎರಡೂ ಆಗಿರಲಾರದು. ಮಿಕ್ಕ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಿ ಉಳಿದದ್ದನ್ನು ಒಪ್ಪಿಕೊಳ್ಳುವ ಕ್ರಮ ಇದು. ಇದನ್ನು ನಂಬಿಕೆ ಎಂದು ಕರೆಯುವುದಾದರೆ ನ್ಯಾಯಾಲಯಗಳಲ್ಲಿ ಸಾಂದರ್ಭಿಕ ಸಾಕ್ಷ್ಯದ ಮೇಲೆ ಬರುವ ತೀರ್ಪುಗಳನ್ನೂ ಹಾಗೆಯೇ ಕರೆಯಬೇಕಾಗುತ್ತದೆ.

ಪ್ರಸಂಗವಶಾತ್ ಒಂದು ಮಾತು. ಅಕ್ಟೋಬರಿನ ಸಂಜೆ ರಾಜಹಂಸ ಪುಂಜ ನಮ್ಮ ನೆತ್ತಿಯಿಂದ ತುಸು ಉತ್ತರಕ್ಕೆ ಚೆನ್ನಾಗಿ ಕಾಣುತ್ತದೆ. ಸಿಗ್ನಸ್ ಎಕ್ಸ್-1ರ ಸಂಗಾತಿಯಾದ ನೀಲಿ ನಕ್ಷತ್ರವನ್ನು ಶಾಲೆಯ ಸಣ್ಣ ದೂರದರ್ಶಕದಲ್ಲಿಯೂ ನೋಡಬಹುದು. ದಸರಾ ದೀಪಾಲಂಕಾರದ ದಿನಗಳಲ್ಲಿ ಮೈಸೂರು ನಗರದೊಳಗೆ ಅದು ಕಷ್ಟವಾದರೂ ಶ್ರೀರಂಗಪಟ್ಟಣ ದಾಟಿ ಗದ್ದೆ ಬಯಲಿಗೆ ಬಂದರೆ ಅಡ್ಡಿಯಿಲ್ಲ. ಕಪ್ಪುಕುಳಿಯೊಂದು ಯಾವ ನಕ್ಷತ್ರದ ಪಕ್ಕದಲ್ಲಿದೆ ಎಂದು ಮಕ್ಕಳಿಗೆ ಬೆರಳು ತೋರಿಸಿ ಹೇಳಬಹುದಾದ ಅವಕಾಶ ನಮಗಿದೆ.

ಅನಿಲವನ್ನು ಸೆಳೆಯದೆ ತಣ್ಣಗಿರುವ ಕಪ್ಪುಕುಳಿಗಳು ಕ್ಷ-ಕಿರಣವನ್ನೂ ಸೂಸುವುದಿಲ್ಲ. ಅವುಗಳ ಹುಡುಕಾಟದಲ್ಲಿ ನಡೆದ ಒಂದು ಪ್ರಕರಣ ಪತ್ರಲೇಖಕರ ಸಂದೇಹಕ್ಕೆ ಅತ್ಯಂತ ಹತ್ತಿರವಾದದ್ದು. 2020ರಲ್ಲಿ ಯುರೋಪಿನ ಖಗೋಳವಿಜ್ಞಾನಿಗಳ ತಂಡವೊಂದು ಎಚ್‌ಆರ್ 6819 ಎಂಬ ಜೋಡಿ ನಕ್ಷತ್ರಗಳ ನಡುವೆ, ಸುಮಾರು ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಕಪ್ಪುಕುಳಿಯೊಂದಿದೆ ಎಂದು ಪ್ರಕಟಿಸಿತು. ಭೂಮಿಗೆ ಅತಿ ಸಮೀಪದ ಕಪ್ಪುಕುಳಿ ಎಂದು ಅದು ಎಲ್ಲೆಡೆ ಸುದ್ದಿಯಾಯಿತು. ಬೆಲ್ಜಿಯಂನ ವಿಜ್ಞಾನಿಗಳ ಇನ್ನೊಂದು ತಂಡ ಅದೇ ಮಾಹಿತಿಯನ್ನು ಪರಿಶೀಲಿಸಿ, ಅಲ್ಲಿ ಕಪ್ಪುಕುಳಿಯೇ ಬೇಕಾಗಿಲ್ಲ, ಒಂದು ನಕ್ಷತ್ರ ಇನ್ನೊಂದರ ಹೊರಪದರವನ್ನು ಕಿತ್ತುಕೊಂಡಿದ್ದರೂ ಇದೇ ಬಗೆಯ ರೋಹಿತ ಕಾಣುತ್ತದೆ ಎಂದು ವಾದಿಸಿತು. ಮುಂದೆ ನಡೆದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ: ಎರಡೂ ತಂಡಗಳು ಒಟ್ಟುಗೂಡಿ, ಯಾವ ಅಳತೆ ಮಾಡಿದರೆ ವಿವಾದ ತೀರುತ್ತದೆಂದು ನಿರ್ಧರಿಸಿ, ಚಿಲಿಯ ದೊಡ್ಡ ದೂರದರ್ಶಕಗಳಿಂದ ಆ ಅಳತೆಯನ್ನು ಮಾಡಿದವು. ಕಪ್ಪುಕುಳಿ ಇದ್ದಿದ್ದರೆ ಒಂದು ನಕ್ಷತ್ರ ಇನ್ನೊಂದರಿಂದ ದೂರದಲ್ಲಿರಬೇಕಿತ್ತು, ಆದರೆ ಎರಡೂ ಒಂದಕ್ಕೊಂದು ಅತಿ ಸಮೀಪದಲ್ಲಿರುವುದು ಕಂಡುಬಂತು. ಅಲ್ಲಿ ಕಪ್ಪುಕುಳಿ ಇಲ್ಲವೆಂದು 2022ರಲ್ಲಿ ಜಂಟಿಯಾಗಿಯೇ ಪ್ರಕಟಿಸಿದರು. ಮೊದಲ ಸುದ್ದಿಗೆ ಸಿಕ್ಕ ಜಾಗದ ಅರ್ಧವಾದರೂ ಈ ಎರಡನೆಯ ಸುದ್ದಿಗೆ ಪತ್ರಿಕೆಗಳಲ್ಲಿ ಸಿಕ್ಕಿದ್ದರೆ ಓದುಗರಿಗೆ ಬಹಳ ಉಪಕಾರವಾಗುತ್ತಿತ್ತು.

ಅದೇ ವರ್ಷದ ಕೊನೆಯಲ್ಲಿ ಗಯಾ ಬಿಎಚ್1 ಎಂಬ ಕಪ್ಪುಕುಳಿ ಪತ್ತೆಯಾಯಿತು. ಯುರೋಪಿನ ಗಯಾ ಉಪಗ್ರಹವು ಕೋಟಿಗಟ್ಟಲೆ ನಕ್ಷತ್ರಗಳ ಸ್ಥಾನವನ್ನು ಅತಿ ಸೂಕ್ಷ್ಮವಾಗಿ ಅಳೆಯುತ್ತಿದ್ದಾಗ ಸುಮಾರು 1,560 ಜ್ಯೋತಿರ್ವರ್ಷ ದೂರದ, ನಮ್ಮ ಸೂರ್ಯನಂಥದೇ ಒಂದು ನಕ್ಷತ್ರ 186 ದಿನಗಳಿಗೊಮ್ಮೆ ಓಲಾಡುತ್ತಿರುವುದು ಕಂಡಿತು. ಅದನ್ನು ಓಲಾಡಿಸುತ್ತಿರುವ ಕಾಣದ ಸಂಗಾತಿಯ ತೂಕ ಸುಮಾರು ಒಂಬತ್ತೂವರೆ ಸೂರ್ಯರಷ್ಟು. ಅಷ್ಟು ತೂಕದ ಸಾಮಾನ್ಯ ನಕ್ಷತ್ರವೇ ಅಲ್ಲಿದ್ದಿದ್ದರೆ ಅದು ಸೂರ್ಯನ ಸಾವಿರಾರು ಪಟ್ಟು ಪ್ರಖರವಾಗಿ ಬೆಳಗಿ, ಮೊದಲ ನಕ್ಷತ್ರವನ್ನೇ ಮರೆಮಾಡಿಬಿಡುತ್ತಿತ್ತು. ಇಷ್ಟು ಹತ್ತಿರದಲ್ಲಿ ಕಪ್ಪುಕುಳಿ ಇದ್ದರೂ ಆ ನಕ್ಷತ್ರ ನಿಶ್ಚಿಂತೆಯಿಂದ ಸುತ್ತುತ್ತಲೇ ಇದೆ ಎಂಬುದು, ಕಪ್ಪುಕುಳಿ ಎಂದರೆ ಸುತ್ತಲಿನದ್ದನ್ನೆಲ್ಲ ಎಳೆದು ನುಂಗುವ ರಾಕ್ಷಸನೆಂಬ ಚಿತ್ರಣಕ್ಕೆ ಒಳ್ಳೆಯ ಉತ್ತರ. ಸಂಗಾತಿಯೇ ಇಲ್ಲದ ಒಂಟಿ ಕಪ್ಪುಕುಳಿಯೊಂದನ್ನು ಕೂಡ, ಹಿನ್ನೆಲೆಯ ನಕ್ಷತ್ರದ ಬೆಳಕನ್ನು ಅದು ಬಾಗಿಸಿದ್ದರಿಂದ, ಹಬಲ್ ದೂರದರ್ಶಕದ ನೆರವಿನಿಂದ ಗುರುತಿಸಲಾಗಿದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೆಳಕಿನ ಒಂದಲ್ಲ ಒಂದು ರೂಪವನ್ನು ನೆಚ್ಚಿದ ವಿಧಾನಗಳು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿರುವ ಲೈಗೊ ಉಪಕರಣಗಳಿಗೆ ಸಿಕ್ಕಿದ್ದು ಬೆಳಕೇ ಅಲ್ಲ, ಗುರುತ್ವದ ಅಲೆ, ಎಂದರೆ ಭಾರಿ ವಸ್ತುಗಳ ಚಲನೆಯಿಂದ ಅವಕಾಶವೇ ಹಿಗ್ಗಿ ಕುಗ್ಗುವ ಕಂಪನ. ನಾಲ್ಕು ಕಿಲೋಮೀಟರ್ ಉದ್ದದ ಅವುಗಳ ತೋಳುಗಳು ಪ್ರೋಟಾನಿನ ವ್ಯಾಸದ ನೂರನೇ ಒಂದು ಪಾಲಿಗಿಂತಲೂ ಕಡಿಮೆ ಹಿಗ್ಗಿ ಕುಗ್ಗಿದ್ದನ್ನು ಲೇಸರ್ ಕಿರಣಗಳಿಂದ ಅಳೆಯಲಾಯಿತು. ಸುಮಾರು 3,000 ಕಿಲೋಮೀಟರ್ ಅಂತರದ ಎರಡೂ ಕಡೆ ಒಂದೇ ಆಕಾರದ ಸಂಕೇತ ಏಳು ಮಿಲಿಸೆಕೆಂಡುಗಳ ಅಂತರದಲ್ಲಿ ಬಂದದ್ದರಿಂದ ಅದು ಸ್ಥಳೀಯ ನಡುಕವಲ್ಲವೆಂದು ಖಚಿತವಾಯಿತು. ಸುಮಾರು 36 ಮತ್ತು 29 ಸೂರ್ಯರ ತೂಕದ ಎರಡು ವಸ್ತುಗಳು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದನ್ನೊಂದು ಸುತ್ತುತ್ತ ಕೂಡಿಕೊಂಡು 62 ಸೂರ್ಯರ ತೂಕದ ಒಂದೇ ವಸ್ತುವಾದವು. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಅಲೆಗಳ ಶಕ್ತಿಯಾಗಿ ಹರಡಿಹೋಯಿತು. ಅವು ಕಪ್ಪುಕುಳಿಗಳೇ ಎಂದು ಹೇಗೆ ಹೇಳುತ್ತಾರೆ? ಕೂಡಿಕೊಳ್ಳುವ ಮುನ್ನ ಅವು ಸೆಕೆಂಡಿಗೆ ಸುಮಾರು 75 ಸುತ್ತು ಹಾಕುತ್ತಿದ್ದವು, ಅವುಗಳ ನಡುವಿನ ದೂರ ಕೆಲವು ನೂರು ಕಿಲೋಮೀಟರ್ ಮಾತ್ರ. ಮೂವತ್ತು ಸೂರ್ಯರ ತೂಕದ ಬೇರೆ ಯಾವ ವಸ್ತುವೂ ಅಷ್ಟು ಹತ್ತಿರ ಬರುವ ಮೊದಲೇ ಇನ್ನೊಂದಕ್ಕೆ ತಾಗಿರುತ್ತಿತ್ತು. ಹೆಚ್ಚು ತೂಕ, ಕಿರಿದಾದ ಜಾಗ ಎಂಬ ಅದೇ ತರ್ಕ ಇಲ್ಲಿ ಬೇರೊಂದು ಬಾಗಿಲಿನಿಂದ ಬಂದಿದೆ.

ಈ ಘಟನೆಯಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಅಂಶವೊಂದಿದೆ, ಅದು ತಮ್ಮ ಲೇಖನದಲ್ಲಿ ಬರಲಿಲ್ಲ. ಕದಡಿದ ಕಪ್ಪುಕುಳಿಯು ಮತ್ತೆ ಶಾಂತವಾಗುವಾಗ ಗುರುತ್ವದ ಅಲೆಗಳನ್ನು ಒಂದು ನಿಶ್ಚಿತ ರೀತಿಯಲ್ಲಿ ಸೂಸುತ್ತ ಬೇಗಬೇಗನೆ ಅಡಗುತ್ತದೆಂದೂ, ಆ ಅಲೆಯ ಆವರ್ತನ ಮತ್ತು ಅಡಗುವ ಗತಿಯಿಂದ ಕಪ್ಪುಕುಳಿಯ ಗುಣಗಳನ್ನು ಅರಿಯಬಹುದೆಂದೂ 1970ರಷ್ಟು ಹಿಂದೆಯೇ ಲೆಕ್ಕದಿಂದ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ಕಪ್ಪುಕುಳಿ ಎಂಬುದೇ ಬರಿಯ ಊಹೆಯಾಗಿದ್ದ ದಿನಗಳಲ್ಲಿ ಮಾಡಿದ ಲೆಕ್ಕಕ್ಕೆ ಹೊಂದುವ ಸಂಕೇತ ನಾಲ್ಕೂವರೆ ದಶಕಗಳ ಬಳಿಕ ಉಪಕರಣದಲ್ಲಿ ದಾಖಲಾಯಿತು, ಅದನ್ನು ನೋಡಲು ಅವರು ಬದುಕಿದ್ದರು. ಅವರು ತೀರಿಕೊಂಡದ್ದು 2017ರಲ್ಲಿ.

ಇನ್ನು, ಕಿತ್ತಳೆ ಬಣ್ಣದ ಉಂಗುರದ ಆ ಪ್ರಸಿದ್ಧ ಚಿತ್ರ. 2019ರ ಏಪ್ರಿಲ್ 10ರಂದು ಪ್ರಕಟವಾದ ಅದನ್ನು ಕಪ್ಪುಕುಳಿಯ ಮೊದಲ ಪುರಾವೆ ಎಂಬಂತೆ ಅಚ್ಚು ಹಾಕುವುದು ರೂಢಿಯಾಗಿದೆ. ವಾಸ್ತವವಾಗಿ ಅದು ದಶಕಗಳ ಪುರಾವೆಯ ಮೇಲೆ ಬಂದ ಮತ್ತೊಂದು ಪರೀಕ್ಷೆ. ಎಂ87 ಎಂಬ ಗೆಲಾಕ್ಸಿಯ ನಡುವಿನ, ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ವಸ್ತುವನ್ನು ನೋಡಲು ಭೂಮಿಯ ಹಲವೆಡೆಗಳ ಎಂಟು ರೇಡಿಯೊ ದೂರದರ್ಶಕಗಳನ್ನು 2017ರ ಏಪ್ರಿಲ್‌ನಲ್ಲಿ ಒಟ್ಟಿಗೆ ದುಡಿಸಿಕೊಳ್ಳಲಾಯಿತು. ಮಾಹಿತಿ ಎಷ್ಟು ಬೃಹತ್ತಾಗಿತ್ತೆಂದರೆ ಅಂತರ್ಜಾಲದಲ್ಲಿ ಕಳಿಸಲಾಗದೆ ಹಾರ್ಡ್ ಡಿಸ್ಕುಗಳನ್ನೇ ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕುಗಳು ಅಲ್ಲಿನ ಚಳಿಗಾಲ ಮುಗಿಯುವವರೆಗೆ ಕಾಯಬೇಕಾಯಿತು. ದೂರದರ್ಶಕಗಳು ಹಿಡಿದದ್ದು 1.3 ಮಿಲಿಮೀಟರ್ ಉದ್ದದ ರೇಡಿಯೊ ಅಲೆಗಳನ್ನು. ಬಣ್ಣ ನಾವು ಕೊಟ್ಟದ್ದು. ನಡುವಿನ ಕಪ್ಪು ಭಾಗ ಕಪ್ಪುಕುಳಿಯ ನೆರಳು, ಸುತ್ತಲಿನ ಉಂಗುರ ಬಾಗಿದ ಹಾದಿಯಲ್ಲಿ ಬಂದ ಅನಿಲದ ಪ್ರಭೆ. ನನ್ನ ದೃಷ್ಟಿಯಲ್ಲಿ ಈ ಚಿತ್ರದ ನಿಜವಾದ ಬೆಲೆ ಇನ್ನೊಂದು ಕಡೆ ಇದೆ. ಎಂ87ರ ನಡುವಿನ ವಸ್ತುವಿನ ತೂಕದ ಬಗ್ಗೆ ಮೊದಲು ಎರಡು ಅಂದಾಜುಗಳಿದ್ದವು. ಅನಿಲದ ಚಲನೆಯಿಂದ ಸುಮಾರು 350 ಕೋಟಿ ಸೂರ್ಯರೆಂದು ಬಂದರೆ, ನಕ್ಷತ್ರಗಳ ಚಲನೆಯಿಂದ ಅದರ ಹೆಚ್ಚುಕಡಿಮೆ ಎರಡರಷ್ಟು ಬರುತ್ತಿತ್ತು. ಉಂಗುರದ ಅಗಲದಿಂದ 650 ಕೋಟಿ ಎಂದು ಲೆಕ್ಕ ಸಿಕ್ಕಾಗ ನಕ್ಷತ್ರಗಳ ಅಂದಾಜು ಸರಿಯೆಂದು ತೀರ್ಮಾನವಾಯಿತು. ನಮ್ಮ ಆಕಾಶಗಂಗೆಯ ನಡುವಿನ ವಸ್ತುವಿನ ಚಿತ್ರ 2022ರ ಮೇ ತಿಂಗಳಲ್ಲಿ ಬಂತು, ಅದರ ಉಂಗುರವೂ ಎಸ್2 ನಕ್ಷತ್ರ ಕೊಟ್ಟ ತೂಕಕ್ಕೆ ಹೊಂದಿಕೊಂಡಿತು.

ನಮ್ಮ ದೇಶವೂ ಈ ಕೆಲಸದಲ್ಲಿ ಹಿಂದುಳಿದಿಲ್ಲ. 2015ರಲ್ಲಿ ಹಾರಿಸಿದ ಆಸ್ಟ್ರೊಸ್ಯಾಟ್ ಉಪಗ್ರಹ ಇಂಥ ಕ್ಷ-ಕಿರಣ ಮೂಲಗಳನ್ನು ಗಮನಿಸಿದೆ. 2024ರ ಜನವರಿ 1ರಂದು ಉಡಾವಣೆಯಾದ ಕ್ಷ-ಕಿರಣ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣವನ್ನು ತಯಾರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ಸ್ಥಾಪನೆಗೆ ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಗುರುತ್ವದ ಅಲೆ ಆಕಾಶದ ಯಾವ ಕಡೆಯಿಂದ ಬಂತೆಂದು ನಿಖರವಾಗಿ ಹೇಳಲು ಭೂಮಿಯ ಈ ಭಾಗದಲ್ಲೊಂದು ಉಪಕರಣ ಬೇಕೇ ಬೇಕು.

ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ತಾರಾಲಯದ ಯೋಜನೆ ಕೈಗೆತ್ತಿಕೊಂಡಿರುವುದು ಈ ಭಾಗದ ಎಲ್ಲರಿಗೂ ಸಂತೋಷದ ವಿಷಯ. ಅಲ್ಲಿ ಕಪ್ಪುಕುಳಿಯ ಪ್ರದರ್ಶನ ಇದ್ದೇ ಇರುತ್ತದೆ. ಒಳಗೆ ಬೀಳುವ ಗಗನಯಾತ್ರಿಯ ಅನಿಮೇಷನ್ ಜತೆಗೆ ಎಸ್2 ನಕ್ಷತ್ರದ ಹದಿನಾರು ವರ್ಷಗಳ ಹಾದಿಯನ್ನೂ ಗುಮ್ಮಟದ ಮೇಲೆ ಮೂಡಿಸಿ, ನಡುವಿನ ತೂಕವನ್ನು ಮಕ್ಕಳೇ ಲೆಕ್ಕ ಹಾಕುವಂತೆ ಮಾಡಬೇಕೆಂದು ಸಂಬಂಧಪಟ್ಟವರಲ್ಲಿ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ತಮ್ಮಲ್ಲಿಯೂ ಒಂದು ವಿನಂತಿ ಇದೆ. ಮುಂದೆ ಹೊಸ ಕಪ್ಪುಕುಳಿಯ ಸುದ್ದಿ ಬಂದಾಗ ಅದರ ತೂಕವೆಷ್ಟು, ಅದನ್ನು ಯಾವ ವಿಧಾನದಿಂದ ಅಳೆದರು, ಆ ಅಳತೆಯನ್ನು ಬೇರೆ ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂಬ ವಿವರಗಳನ್ನು ಚಿತ್ರದ ಕೆಳಗಿನ ಎರಡು ಸಾಲುಗಳಲ್ಲಾದರೂ ದಯವಿಟ್ಟು ಕೊಡಿ. ಮುಂದೊಂದು ದಿನ ಆ ಸುದ್ದಿ ತಪ್ಪೆಂದು ತೀರ್ಮಾನವಾದರೆ, ಎಚ್‌ಆರ್ 6819ರ ವಿಷಯದಲ್ಲಿ ಆದಂತೆ, ಅದನ್ನೂ ಅದೇ ಪುಟದಲ್ಲಿ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ,
ಮಂಡ್ಯ